ಕ್ರಿಸ್‌ಮಸ್ ತಾತನ ವೇಷ ಹಾಕುವ ತಮ್ಮಂದಿರಿಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲಿ ಬರುವ ಡಿಸೆಂಬರಿಗೆ ಕೆಂಪು ಅಂಗಿ ತೊಟ್ಟು, ಬಿಳಿ ಗಡ್ಡ ಕಟ್ಟಿಕೊಂಡು, ಗಂಟೆ ಅಲ್ಲಾಡಿಸುತ್ತ ಮನೆಮನೆಗೆ ಹೊರಡಲಿರುವ ತಮ್ಮಂದಿರೇ, ಈಚೀಚೆಗೆ ನಾವೂ ಗಡ್ಡ ಕಟ್ಟುತ್ತೇವೆ ಅಂತ ಮುಂದೆ ಬಂದಿರುವ ತಂಗಿಯರೇ,

ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಅದೇನೆಂದು ಈಗಲೇ ಹೇಳಿಬಿಟ್ಟರೆ ಮಿಕ್ಕ ಕಾಗದ ನೀವು ಓದುವುದಿಲ್ಲ. ಅದಕ್ಕೇ ಮೊದಲು, ನೀವು ಯಾರ ವೇಷ ಹಾಕಲು ಹೊರಟಿದ್ದೀರಿ ಅನ್ನುವುದನ್ನು ಸ್ವಲ್ಪ ಕೇಳಿಸಿಕೊಳ್ಳಿ.

ಈಗ ವೇಷ ಸಿಗುವುದು ಸುಲಭ. ಫೋನಿನಲ್ಲಿ ಆರ್ಡರ್ ಮಾಡಿದರೆ ಅಂಗಿ, ಪ್ಯಾಂಟು, ಟೋಪಿ, ಬೆಲ್ಟು, ಗಡ್ಡ, ನಗುವ ಮುಖವಾಡ ಎಲ್ಲ ಒಂದೇ ಕವರಿನಲ್ಲಿ ಮನೆಗೆ ಬರುತ್ತವೆ. ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಲಂಗ ಉಡುತ್ತಿದ್ದ ಕಾಲದಲ್ಲಿ, ತಾತನನ್ನು ಪ್ರತಿವರ್ಷ ಹೊಸದಾಗಿ ಕಟ್ಟಬೇಕಿತ್ತು. ನಮ್ಮಮ್ಮ ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಲಂಡನ್ ಮಿಷನ್‌ನವರು ಕಟ್ಟಿಸಿ, 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದ ಮೇಲೆ ಸಿಎಸ್‌ಐ ಆಸ್ಪತ್ರೆ ಅನ್ನಿಸಿಕೊಂಡದ್ದು ಅದು. ಈಗ ಅದಕ್ಕೆ ನೂರು ವರ್ಷ ದಾಟಿದೆ. ಅಲ್ಲಿ ಮಂಚಗಳಿಗೆ ಹೊದಿಸುತ್ತಿದ್ದ ಕೆಂಪು ಕಂಬಳಿಯೇ ತಾತನ ಅಂಗಿ. ಹೊಲಿಯುವ ಹಾಗಿಲ್ಲ, ಕತ್ತರಿಸುವ ಹಾಗಂತೂ ಇಲ್ಲವೇ ಇಲ್ಲ. ಪಿನ್ನು ಚುಚ್ಚಿ ನಿಲ್ಲಿಸಿ, ಹಬ್ಬದ ಮಾರನೇ ದಿನ ಮಡಿಸಿ ಸ್ಟೋರಿಗೆ ವಾಪಸ್ಸು ಒಪ್ಪಿಸಬೇಕು. ಗಡ್ಡಕ್ಕೆ ಡ್ರೆಸ್ಸಿಂಗ್ ರೂಮಿನ ಹತ್ತಿ. ಹೊಟ್ಟೆಗೆ ತಲೆದಿಂಬು. ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಬೆಳೆದ ನನ್ನ ಮೂಗಿನ ಲೆಕ್ಕದಲ್ಲಿ ಕ್ರಿಸ್‌ಮಸ್ ತಾತ ಅಂದರೆ ಇವತ್ತಿಗೂ ಡೆಟಾಲ್ ವಾಸನೆ.

ಶಿಡ್ಲಘಟ್ಟದ ನಮ್ಮಜ್ಜಿ ಮನೆ ಕಡೆ ತಾತನಿಗೆ ಹಳದಿ ಗಡ್ಡ. ಯಾಕೆ ಅಂದರೆ ಅಲ್ಲಿ ಆಸ್ಪತ್ರೆಯ ಹತ್ತಿ ಸಿಗುತ್ತಿರಲಿಲ್ಲ, ರೇಷ್ಮೆಯೇ ಸಿಗುತ್ತಿತ್ತು. ಗೂಡು ಬಿಚ್ಚಿ ನೂಲು ತೆಗೆದ ಮೇಲೆ ಉಳಿಯುವ ಸಿಕ್ಕು ಸಿಕ್ಕಾದ ರೇಷ್ಮೆಯನ್ನು ಪಕ್ಕದ ರೀಲರ್ ಸಾಹೇಬರು ಒಂದು ಹಿಡಿ ಕೊಡುತ್ತಿದ್ದರು. ನಮ್ಮ ಕಡೆಯ ಮಿಶ್ರತಳಿ ಗೂಡು ಹಳದಿ ಬಣ್ಣದ್ದಲ್ಲವೇ, ಗಡ್ಡವೂ ಹಾಗೇ. ತೊಳೆದರೂ ಹುಳುವಿನ ವಾಸನೆ ಹೋಗುತ್ತಿರಲಿಲ್ಲ. ಆ ಗಡ್ಡ ಕಟ್ಟಿಕೊಂಡು ಎರಡು ಗಂಟೆ ಹಾಡುವುದು ಸುಮ್ಮನೆ ಮಾತಲ್ಲ ಕಣ್ರಪ್ಪಾ. ನೀವು ಪ್ಲಾಸ್ಟಿಕ್ ಮುಖವಾಡದೊಳಗೆ ಸೆಕೆ ಅಂತ ಗೊಣಗುವಾಗ ನನಗೆ ಆ ಅಣ್ಣಂದಿರು ನೆನಪಾಗುತ್ತಾರೆ.

ತಾತನ ಮೂಲ ಎಲ್ಲಿಯದು ಅಂತ ನಿಮಗೆ ಶಾಲೆಯಲ್ಲಿ ಹೇಳಿರುತ್ತಾರೆ. ಇವತ್ತಿನ ಟರ್ಕಿ ದೇಶದಲ್ಲಿ, ಆಗ ಮೈರಾ ಎನ್ನುತ್ತಿದ್ದ ಊರಿನಲ್ಲಿ ನಾಲ್ಕನೇ ಶತಮಾನದಲ್ಲಿದ್ದ ಬಿಷಪ್ ನಿಕೊಲಸ್. ಅವನ ಹಬ್ಬ ಡಿಸೆಂಬರ್ 6. ಡಚ್ಚರು ಅವನನ್ನು ಸಿಂಟರ್‌ಕ್ಲಾಸ್ ಅಂದರು, ಅಮೆರಿಕಕ್ಕೆ ಹೋಗಿ ಸಾಂಟಾಕ್ಲಾಸ್ ಆದ. 1863ರಿಂದ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಪತ್ರಿಕೆಯಲ್ಲಿ ಬರೆಯುತ್ತ ಬಂದ ಚಿತ್ರಗಳಲ್ಲಿ ಅವನಿಗೆ ಹೊಟ್ಟೆ ಬಂತು. 1931ರಿಂದ ಕೋಕಾಕೋಲಾ ಕಂಪನಿಯ ಜಾಹೀರಾತುಗಳು ಆ ಕೆಂಪು ಅಂಗಿಯ ನಗುಮುಖವನ್ನು ಜಗತ್ತಿಗೆಲ್ಲ ಹಂಚಿದವು. ನಮ್ಮ ಸಭೆಯ ಹಿರಿಯರಲ್ಲಿ ಕೆಲವರಿಗೆ ಇದೇ ಆಕ್ಷೇಪಣೆ. ಬೈಬಲಿನಲ್ಲಿ ಇಲ್ಲದವನು ದೇವಾಲಯದ ಕಾಂಪೌಂಡಿಗೆ ಯಾಕೆ ಬರಬೇಕು ಅಂತ ಅವರು ಪ್ರತಿವರ್ಷ ಕೇಳುತ್ತಿದ್ದರು, ಅವನು ಬಂದ ಮೇಲೆ ಮೊಮ್ಮಕ್ಕಳನ್ನು ಎತ್ತಿ ತೋರಿಸುತ್ತಲೂ ಇದ್ದರು.

ನನಗೆ ಮುಖ್ಯ ಅನ್ನಿಸುವುದು ಬೇರೆ. ಅಮೆರಿಕದ ಕಥೆಗಳಲ್ಲಿ ತಾತ ಯಾರಿಗೂ ಕಾಣಿಸುವುದಿಲ್ಲ. ಮಕ್ಕಳು ಮಲಗಿದ ಮೇಲೆ ಹೊಗೆಗೂಡಿನಿಂದ ಇಳಿದು, ಕಾಲುಚೀಲದಲ್ಲಿ ಆಟಿಕೆ ತುಂಬಿ ಹೊರಟುಹೋಗುತ್ತಾನೆ. ಆದ್ದರಿಂದ ಅಲ್ಲಿನ ಅಪ್ಪ ಅಮ್ಮಂದಿರಿಗೆ ದೊಡ್ಡದೊಂದು ಚಿಂತೆ: ಮಗುವಿಗೆ ನಿಜ ಯಾವಾಗ ಹೇಳುವುದು, ಅದು ತಾನಾಗಿ ಕಂಡುಕೊಂಡರೆ ಅದರ ಮನಸ್ಸು ಒಡೆಯುವುದಿಲ್ಲವೇ. ನಮ್ಮ ಊರುಗಳಲ್ಲಿ ಈ ಚಿಂತೆ ಇರಲೇ ಇಲ್ಲ. ನಮ್ಮ ತಾತ ಕಾಣಿಸಿಕೊಳ್ಳಲೆಂದೇ ಬರುತ್ತಿದ್ದ. ದೀಪ ಹಚ್ಚಿಸಿಕೊಂಡು, ತಮಟೆ ಬಡಿಸಿಕೊಂಡು, ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಬರುತ್ತಿದ್ದ. ಬಂದು ಕುಣಿಯುತ್ತಿದ್ದ. ಯಾರೂ ನಮಗೆ ಅವನನ್ನು ನಂಬು ಅಂತ ಹೇಳಿಕೊಡಲಿಲ್ಲ. ಯಾಕೆಂದರೆ ವೇಷ ಅಂದರೆ ಏನು ಅಂತ ನಮ್ಮ ಸೀಮೆಯ ಮಕ್ಕಳಿಗೆ ಹುಟ್ಟುತ್ತಲೇ ಗೊತ್ತು. ಬಾಬಯ್ಯನ ಹಬ್ಬಕ್ಕೆ ಹುಲಿವೇಷ ಬರುತ್ತಿತ್ತು. ಸುಗ್ಗಿ ಮುಗಿದರೆ ಹಗಲುವೇಷದವರು ರಾಮ, ಆಂಜನೇಯ ಆಗಿ ಬಾಗಿಲಿಗೆ ಬಂದು ರಾಗಿ ಇಸಕೊಂಡು ಹೋಗುತ್ತಿದ್ದರು. ಬೆಳಗಿನ ಜಾವ ಬುಡಬುಡಿಕೆಯವನು ಭವಿಷ್ಯ ನುಡಿದು ಹೆದರಿಸುತ್ತಿದ್ದ. ಈ ಸಾಲಿನಲ್ಲಿ ಡಿಸೆಂಬರಿಗೆ ಬರುವವನು ಕ್ರಿಸ್‌ಮಸ್ ತಾತ. ಹುಲಿ ನಿಜವಾದ ಹುಲಿಯಲ್ಲ ಅಂತ ಗೊತ್ತಿದ್ದೂ ಅದು ಹತ್ತಿರ ಬಂದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವಲ್ಲ, ಇದೂ ಅದೇ ಥರದ ಖುಷಿ.

ಅದರ ಮೇಲೆ ಇನ್ನೊಂದು ಖುಷಿಯಿತ್ತು. ಯಾರು ಅಂತ ಕಂಡುಹಿಡಿಯುವುದು. ಮುಖ ನೋಡಿ ಪ್ರಯೋಜನವಿಲ್ಲ, ಅಲ್ಲಿ ಬರೀ ಗಡ್ಡ. ನನ್ನ ತಮ್ಮ ನೇರವಾಗಿ ಕಾಲು ನೋಡುತ್ತಿದ್ದ. ಒಂದು ವರ್ಷ ತಾತನ ಕಾಲಲ್ಲಿ ಹವಾಯಿ ಚಪ್ಪಲಿ. ಒಂದಕ್ಕೆ ನೀಲಿ ಬಾರು, ಇನ್ನೊಂದಕ್ಕೆ ಬಿಳಿ ಬಾರು. ಇಡೀ ಬೀದಿಯಲ್ಲಿ ಆ ಜೋಡಿ ಮೆಟ್ಟುತ್ತಿದ್ದವರು ಒಬ್ಬರೇ, ಸೈಕಲ್ ಶಾಪಿನ ಅಣ್ಣ. ತಮ್ಮ ಕೂಗಿಕೊಳ್ಳಲಿಲ್ಲ. ಪೆಪ್ಪರ್‌ಮೆಂಟು ಇಸಕೊಂಡು, ತಾತನ ಕಿವಿಗೆ ಬಾಯಿಟ್ಟು ಏನೋ ಹೇಳಿದ. ತಾತ ಇನ್ನೊಂದು ಪೆಪ್ಪರ್‌ಮೆಂಟು ಕೊಟ್ಟ. ಬಾಯಿ ಮುಚ್ಚಿಕೊಂಡಿರಲು ಕೂಲಿ ಅದು. ಮಾರನೇ ದಿನ ಸೈಕಲ್ ಶಾಪಿನ ಮುಂದೆ ಹಾದುಹೋಗುವಾಗ ಅಣ್ಣನೂ ತಮ್ಮನೂ ಒಬ್ಬರನ್ನೊಬ್ಬರು ನೋಡಿ ನಕ್ಕ ನಗು ಯಾವ ಆಟಿಕೆ ಕೊಟ್ಟರೂ ಸಿಗುವಂಥದ್ದಲ್ಲ. ಅದಕ್ಕೇ ನಿಮಗೆ ಮೊದಲನೇ ಮಾತು: ಮುಖವಾಡ ಬೇಕಾದರೆ ಹಾಕಿ, ಚಪ್ಪಲಿ ಮಾತ್ರ ನಿಮ್ಮದೇ ಮೆಟ್ಟಿ. ಹುಡುಗರಿಗೆ ಹಿಡಿಯಲು ಒಂದು ಗುರುತು ಬೇಡವೇ.

ಆಟಿಕೆ ಅಂದೆನಲ್ಲ. ಅದರ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಕ್ರಿಸ್‌ಮಸ್ ಅಂದರೆ ಆಟಿಕೆ ಅಂತ ಟಿವಿ ನೋಡಿದವರು ಅಂದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಕ್ರಿಸ್‌ಮಸ್ ಅಂದರೆ ಹೊಸ ಬಟ್ಟೆ. ನವೆಂಬರಿನಲ್ಲೇ ದರ್ಜಿಗೆ ಅಳತೆ ಕೊಟ್ಟು, 24ರ ರಾತ್ರಿಯವರೆಗೆ ಅವನ ಅಂಗಡಿ ಬಾಗಿಲಲ್ಲಿ ಕಾಯುವುದು. ಆಟಿಕೆ ಜಾತ್ರೆಗಳ ವ್ಯವಹಾರ. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರು, ಬೇಸಿಗೆಗೆ ವಿದುರಾಶ್ವತ್ಥದ ಜಾತ್ರೆ, ಚಿಂತಾಮಣಿ ಕಡೆಯವರಿಗೆ ಮುರುಗಮಲ್ಲದ ದರ್ಗಾದ ಉರುಸು. ನಾವು ಕ್ರೈಸ್ತರು ಅಲ್ಲಿಗೆಲ್ಲ ಹೋಗುತ್ತಿದ್ದೆವಾ ಅಂದರೆ, ಪೀಪಿ, ಗಿರಗಟ್ಲೆ, ಕಟಕಟ ಅನ್ನುವ ತಗಡಿನ ಕಪ್ಪೆ ಅಲ್ಲಿ ತಾನೇ ಸಿಗುತ್ತಿದ್ದವು? ಗೌರಿಬಿದನೂರಿನ ನಮ್ಮ ಸೋದರಮಾವ ವಿದುರಾಶ್ವತ್ಥಕ್ಕೆ ಕರೆದೊಯ್ದರೆ ಮೊದಲು 1938ರ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಜನ ಬಿದ್ದ ಜಾಗ ತೋರಿಸಿ, ಒಂದು ನಿಮಿಷ ನಿಲ್ಲಿಸಿ, ಆಮೇಲೆ ಬೊಂಬೆ ಅಂಗಡಿಗಳ ಸಾಲಿಗೆ ಬಿಡುತ್ತಿದ್ದರು. ಅಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಗಳೂ ಇರುತ್ತಿದ್ದವು, ಮುಟ್ಟಿ ನೋಡಿ ವಾಪಸ್ಸು ಇಡುವುದಕ್ಕೆ.

ಹೀಗೆ ಮಾರ್ಚಿ, ಏಪ್ರಿಲಿನಲ್ಲಿ ಕೊಂಡ ಆಟಿಕೆ ಡಿಸೆಂಬರಿಗೆ ಉಳಿದಿರುತ್ತದೆಯೇ? ಕ್ರಿಸ್‌ಮಸ್ ಹೊತ್ತಿಗೆ ನಮ್ಮ ಕೈ ಖಾಲಿ. ಆದರೆ ಹೊಲ ಖಾಲಿ ಇರುತ್ತಿರಲಿಲ್ಲ. ಜೋಳ ಮುರಿದು, ರಾಗಿ ಕೊಯ್ದು ಮೆದೆ ಹಾಕುವ ಕಾಲ ಅದು. ಗೌರಿಬಿದನೂರಿನಿಂದ ಬರುತ್ತಿದ್ದ ಮಾವನ ಮಗ ಒಂದು ಕಂತೆ ಜೋಳದ ದಂಟು ಬಸ್ಸಿನ ಮೇಲೆ ಹಾಕಿಕೊಂಡೇ ಬರುತ್ತಿದ್ದ. ದಂಟಿನ ಸಿಪ್ಪೆಯನ್ನು ಸೀಳಿದರೆ ಮೊಳೆ, ಒಳಗಿನ ಬೆಂಡನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಗಾಲಿ. ಅವನ ಕೈಯಲ್ಲಿ ಒಂದು ಗಂಟೆಯಲ್ಲಿ ಎತ್ತಿನ ಗಾಡಿ, ನೊಗ, ಮೂಕಿ ಎಲ್ಲ ತಯಾರು. ನಮಗೆ ಆಟಿಕೆ ತಂದ ನಿಜವಾದ ತಾತ ಅವನೇ, ಹತ್ತು ವರ್ಷದ ತಾತ. ಒಂದು ಗಾಡಿಯನ್ನು ಗೋದಲಿಯ ಮುಂದೆ ನಿಲ್ಲಿಸಿದ್ದೆವು. ಬೆತ್ಲೆಹೇಮಿಗೆ ಮರಿಯಮ್ಮ ಕತ್ತೆಯ ಮೇಲೆ ಹೋದಳು ಅಂತ ಪಾದ್ರಿ ಅಯ್ಯನವರು ತಿದ್ದಿದರು. ಗಾಡಿಯಲ್ಲಿ ಹೋಗಿದ್ದರೆ ಅಷ್ಟು ಸುಸ್ತಾಗುತ್ತಿರಲಿಲ್ಲ ಅಂತ ನಮ್ಮಜ್ಜಿ ಉತ್ತರ ಕೊಟ್ಟರು. ಗಾಡಿ ಅಲ್ಲೇ ಉಳಿಯಿತು.

ನಕ್ಷತ್ರವೂ ಹಾಗೇ. ಈಗ ಬೆಂಗಳೂರಿನಿಂದ ಮಡಿಚಿದ ಸ್ಟಾರ್ ತಂದು ಬಿಚ್ಚಿ ನೇತುಹಾಕುತ್ತೀರಿ. ಶಿಡ್ಲಘಟ್ಟದಲ್ಲಿ ನಮ್ಮ ನಕ್ಷತ್ರ ಹುಟ್ಟುತ್ತಿದ್ದುದು ಮುರಿದ ಚಂದ್ರಂಕಿಯಿಂದ. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿ ಹಳತಾದರೆ ಅದರ ದಬ್ಬೆ ಬಿಚ್ಚಿ, ಐದು ಮೂಲೆ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಒಳಗೆ ಸಣ್ಣ ಬಲ್ಬು. ಕರೆಂಟು ಹೋದರೆ ಬುಡ್ಡಿದೀಪ ಇಡಲು ಹೋಗಿ ಸುಟ್ಟುಕೊಂಡವರೂ ಉಂಟು. ಕ್ರಿಸ್‌ಮಸ್ ಮರ ಅಂದರೆ ಸರ್ವೆ ಮರದ ಕೊಂಬೆ. ಅದಕ್ಕೆ ಚಿಟ್ಟೆ ತೂತು ಮಾಡಿ ಹೊರಬಂದ ಗೂಡುಗಳನ್ನು ದಾರದಲ್ಲಿ ಪೋಣಿಸಿ ಹಾಕುತ್ತಿದ್ದೆವು. ಹಿಮ ಅಂತ ಹತ್ತಿ ಅಂಟಿಸುವವರ ಮುಂದೆ ನಮ್ಮದೇ ಮರ ಚೆಂದ ಅಂತ ಈಗಲೂ ನನ್ನ ವಾದ. ನಂದಿಬೆಟ್ಟದ ಮಂಜು ಬಿಟ್ಟರೆ ನಮಗೆ ಯಾವ ಹಿಮ?

ಹಳೆಯ ಕಾಲದ ಒಂದು ಬೊಂಬೆಯ ಮಾತು ಹೇಳಬೇಕು. ಇಂಗ್ಲೆಂಡಿನ ಸಂಡೇ ಸ್ಕೂಲಿನ ಮಕ್ಕಳು ಕಾಸು ಕೂಡಿಸಿ, ಬೊಂಬೆ, ಚಿತ್ರದ ಕಾರ್ಡು, ಸೂಜಿ ದಾರ ಎಲ್ಲ ಪೆಟ್ಟಿಗೆಗೆ ತುಂಬಿ ಮಿಷನ್ ಊರುಗಳಿಗೆ ಹಡಗಿನಲ್ಲಿ ಕಳಿಸುವ ಪದ್ಧತಿ ಇತ್ತು. ಅಂಥ ಪೆಟ್ಟಿಗೆಯ ಒಂದು ಪಿಂಗಾಣಿ ಬೊಂಬೆ ನಮ್ಮಜ್ಜಿಗೆ ಸಿಕ್ಕಿತ್ತಂತೆ. ದೊರೆಸಾನಿಯವರು ಪ್ರತಿಯೊಂದು ಮಗುವನ್ನೂ ಹೆಸರಿಟ್ಟು ಕರೆದು ಕೊಟ್ಟರಂತೆ. ಅಜ್ಜಿ ಆ ಬೊಂಬೆಗೆ ಲಂಗ ತೆಗೆದು ಸೀರೆ ಉಡಿಸಿದರು, ಹಣೆಗೆ ಕುಂಕುಮವನ್ನೂ ಇಟ್ಟರು. ದೊರೆಸಾನಿಗೆ ಬೇಜಾರಾಯಿತು. ಬೊಂಬೆ ಮುತ್ತೈದೆ ಅಂತ ಅಜ್ಜಿ ಹೇಳಿದರಂತೆ. ಈ ಕಥೆ ಹೇಳುವಾಗ ಅಜ್ಜಿ ನಗುತ್ತಿದ್ದುದು ಕುಂಕುಮಕ್ಕಲ್ಲ. ತನ್ನ ಹೆಸರನ್ನು ಒಬ್ಬರು ಸಭೆಯ ಮುಂದೆ ಕೂಗಿ ಕರೆದದ್ದಕ್ಕೆ. ಕೇರಿಯ ಹುಡುಗಿಯ ಹೆಸರನ್ನು ಆ ಕಾಲದಲ್ಲಿ ಯಾರು ಪೂರ್ತಿ ಕರೆಯುತ್ತಿದ್ದರು?

ನಮ್ಮ ಕಾಲಕ್ಕೆ ಆ ಪೆಟ್ಟಿಗೆಗಳು ನಿಂತಿದ್ದವು. ಬದಲಿಗೆ ‘ಟ್ರೀ’ ಇತ್ತು. ಹಬ್ಬದ ಆಸುಪಾಸಿನ ಒಂದು ಸಂಜೆ ಮರಕ್ಕೆ ಪೊಟ್ಟಣ ಕಟ್ಟಿ, ಸಂಡೇ ಸ್ಕೂಲಿನ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಕರೆದು ಕೊಡುವುದು. ಹಾಜರಿ ಜಾಸ್ತಿ ಇದ್ದರೆ ರಬ್ಬರ್ ಚೆಂಡು, ಕಡಿಮೆ ಇದ್ದರೆ ಸೋಪಿನ ಡಬ್ಬಿ. ನನ್ನ ತಮ್ಮನಿಗೆ ಯಾವಾಗಲೂ ಸೋಪಿನ ಡಬ್ಬಿ.

ನಿಮ್ಮ ನಾಲ್ಕೂ ಊರುಗಳನ್ನು ಒಂದೇ ಕಾಗದದಲ್ಲಿ ಕರೆದದ್ದಕ್ಕೂ ಕಾರಣವಿದೆ. ನಮ್ಮ ಹಬ್ಬ ಈ ನಾಲ್ಕರಲ್ಲೂ ಹರಡಿತ್ತು. ಆಗ ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಹಾದು ಕೋಲಾರದ ಕಡೆಗೆ ಸಣ್ಣ ರೈಲು ಓಡುತ್ತಿತ್ತು, ಎರಡೂವರೆ ಅಡಿ ಅಗಲದ ಹಳಿಯ ಮೇಲೆ. ಚಿಂತಾಮಣಿಯ ದೊಡ್ಡಮ್ಮ ಅದರಲ್ಲಿ ಬರುತ್ತಿದ್ದರು, ಮಡಿಲಲ್ಲಿ ಕರ್ಜಿಕಾಯಿಯ ಡಬ್ಬ. ರೈಲು ಎಷ್ಟು ನಿಧಾನ ಅಂದರೆ ಶಿಡ್ಲಘಟ್ಟ ಬರುವ ಹೊತ್ತಿಗೆ ಡಬ್ಬದಲ್ಲಿ ಅರ್ಧ ಇರುತ್ತಿರಲಿಲ್ಲ. ಆ ಹಳಿ ಕಿತ್ತು ದೊಡ್ಡ ಹಳಿ ಹಾಕಿ, ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ರೈಲು ಮತ್ತೆ ಓಡುವ ಹೊತ್ತಿಗೆ 2013 ಆಗಿತ್ತು. ದೊಡ್ಡಮ್ಮ ಆಗ ಇರಲಿಲ್ಲ. ಗೌರಿಬಿದನೂರು ಬೇರೆಯೇ ರೈಲುದಾರಿಯಲ್ಲಿ, ಹಿಂದೂಪುರದ ಕಡೆಗೆ ಹೋಗುವ ಲೈನಿನಲ್ಲಿದೆ. ಮಾವ ಮಂಚೇನಹಳ್ಳಿ ಮೇಲಿಂದ ಬಸ್ಸಿನಲ್ಲೇ ಬರಬೇಕು. (ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೋ ದೂರದರ್ಶಕವಿದೆ, ಆಕಾಶಕ್ಕೆ ಕಿವಿಗೊಟ್ಟು ಕೂತಿರುತ್ತಾರೆ. ನಕ್ಷತ್ರ ಹಿಡಿದು ಹೊರಟ ಜೋಯಿಸರಿಗೆ ದಾರಿ ಕೇಳಲು ನಮ್ಮೂರೇ ಸರಿ ಅಂತ ಮಾವನ ಹಳೇ ಜೋಕು. ಪ್ರತಿವರ್ಷ ಹೇಳುತ್ತಿದ್ದರು, ಪ್ರತಿವರ್ಷ ನಾವು ನಗಬೇಕಿತ್ತು.)

ಊಟದ ವಿಷಯ ಎತ್ತಿದರೆ ಕಾಗದ ಮುಗಿಯುವುದಿಲ್ಲ. ಡಿಸೆಂಬರ್ ಅವರೆಕಾಯಿ ಕಾಲ. ಪ್ಲಮ್ ಕೇಕಿನ ವಾಸನೆಯೇ ಕ್ರಿಸ್‌ಮಸ್ ಅನ್ನುವವರು ಬೆಂಗಳೂರಿನವರು. ನಮ್ಮ ಕಡೆ ಮೊದಲು ಬರುವುದು ಸೊಗಡಿನ ಅವರೆಯ ಘಮ. 24ರ ಮಧ್ಯಾಹ್ನದಿಂದ ಹೆಂಗಸರೆಲ್ಲ ಸುತ್ತ ಕೂತು ನೆನೆಸಿದ ಅವರೆಕಾಳು ಹಿತುಕಬೇಕು. ನಾಟಿಕೋಳಿ ಸಾರಿಗೆ ಹಿತಕಿದ ಬೇಳೆ ಬೀಳಬೇಕು, ಜೊತೆಗೆ ರಾಗಿ ಮುದ್ದೆ. ಕಜ್ಜಾಯ, ಅಚ್ಚಿನ ಗುಲಾಬಿ ಹೂವು, ಕಲ್ಕಲ್ಲು ಎಲ್ಲ ಒಂದು ವಾರ ಮೊದಲೇ ಕರಿದು, ಮಕ್ಕಳಿಗೆ ಎಟುಕದ ಅಟ್ಟದಲ್ಲಿ. ಎಟುಕುತ್ತಿತ್ತು, ಬಿಡಿ.

ಈಗ ರಾತ್ರಿ ಹಾಡಿಕೊಂಡು ಹೊರಡುವ ಸಂಗತಿಗೆ ಬರುತ್ತೇನೆ. ಕ್ಯಾರಲ್ ರೌಂಡ್ಸ್ ಅನ್ನುತ್ತೀರಿ, ನಾವೂ ಹಾಗೇ ಅನ್ನುತ್ತಿದ್ದೆವು. ಪೆಟ್ರೋಮ್ಯಾಕ್ಸ್ ದೀಪ ತಲೆ ಮೇಲೆ ಹೊತ್ತವನು ಮುಂದೆ, ಹಾರ್ಮೋನಿಯಂ ಹೆಗಲಿಗೆ ಬಿಗಿದವನು ಮಧ್ಯೆ, ತಾತ ಎಲ್ಲಿ ಬೇಕಾದರೂ. ಅರ್ಧ ಹಾಡು ಕನ್ನಡ, ಅರ್ಧ ತೆಲುಗು. ಕೇಳುವವರಿಗೂ ಹಾಡುವವರಿಗೂ ಎರಡೂ ಒಂದೇ. ‘ತಾತ ವಚ್ಚಿನಾಡು’ ಅಂತ ಯಾವುದೋ ಮನೆಯ ಮಗು ಕೂಗಿದರೆ ಇಡೀ ಸಾಲಿನ ಬಾಗಿಲು ತೆರೆಯುತ್ತಿದ್ದವು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಶುರುವಾಗುತ್ತದೆ. ನಾವು ಹಾಡಿ ಮುಗಿಸಿ, ಗಂಟಲು ಕಟ್ಟಿಕೊಂಡು ವಾಪಸ್ಸು ಬರುವ ಹೊತ್ತಿಗೆ ರಾಮಮಂದಿರದ ಭಜನೆಯವರು ತಾಳ ಹಿಡಿದು ಹೊರಡುವ ಹೊತ್ತು. ಬಸ್ ಸ್ಟಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಎರಡು ತಂಡಕ್ಕೂ ಮುಖಾಮುಖಿ. ಅವರ ಶಾಲು ನಮಗೆ, ನಮ್ಮ ಶುಂಠಿ ಪೆಪ್ಪರ್‌ಮೆಂಟು ಅವರಿಗೆ. ಒಂದು ಸಲ ತಮ್ಮ ಹಾರ್ಮೋನಿಯಂ ರಿಪೇರಿಗೆ ಹೋಗಿದೆ ಅಂತ ಅವರು ನಮ್ಮದನ್ನೇ ಇಸಕೊಂಡು ಹೋದರು. ವಾಪಸ್ಸು ಕೊಡುವಾಗ ಕೆಟ್ಟಿದ್ದ ಒಂದು ಕೀಯನ್ನು ಸರಿಮಾಡಿಸಿದ್ದರು.

2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.87 ಮಾತ್ರ. ನಮ್ಮ ಜಿಲ್ಲೆಯಲ್ಲಿ ಅಷ್ಟೂ ಇಲ್ಲ, ನೂರಕ್ಕೆ ಒಬ್ಬರೂ ಇಲ್ಲ. ಅಂದರೆ ನೀವು ತಾತನಾಗಿ ಬೀದಿಗೆ ಇಳಿದಾಗ ಕೈಚಾಚುವ ಮಕ್ಕಳಲ್ಲಿ ಬಹುಪಾಲು ಬೇರೆಯವರ ಮನೆಯವು. ಶಿಡ್ಲಘಟ್ಟದಲ್ಲಿ ನಮ್ಮಜ್ಜಿ ಮನೆಯ ಎರಡೂ ಪಕ್ಕ ನೂಲು ಬಿಚ್ಚುವ ಮುಸಲ್ಮಾನರ ಮನೆಗಳು. ರಂಜಾನಿಗೆ ಅವರ ಸುರ್‌ಕುಂಬಾ ನಮಗೆ, ಕ್ರಿಸ್‌ಮಸ್ಸಿಗೆ ನಮ್ಮ ಕಜ್ಜಾಯ ಅವರಿಗೆ. 2000ನೇ ಇಸವಿಯಲ್ಲಿ ಕ್ರಿಸ್‌ಮಸ್ ರಂಜಾನಿನ ಕೊನೆಯ ವಾರದಲ್ಲೇ ಬಂತು. ಮಸೀದಿಯಲ್ಲಿ ರಾತ್ರಿಯ ನಮಾಜು ಮುಗಿಯುವವರೆಗೆ ನಮ್ಮ ಹುಡುಗರು ಹಾಡು ನಿಲ್ಲಿಸಿ ಬೀದಿ ತುದಿಯಲ್ಲಿ ಕೂತರು. ನಮಾಜು ಮುಗಿಸಿ ಬಂದವರೇ ಈಗ ಹಾಡ್ರಪ್ಪಾ ಅಂದರು. ಹೀಗೆ ಮಾಡಿ ಅಂತ ಯಾರೂ ಮೀಟಿಂಗು ಕರೆದಿರಲಿಲ್ಲ. 2032ರ ಸುಮಾರಿಗೆ ಕ್ರಿಸ್‌ಮಸ್ ಮತ್ತೆ ರಂಜಾನ್ ತಿಂಗಳಲ್ಲೇ ಬರುತ್ತದೆ. ಆಗ ವೇಷ ಹಾಕುವವರು ನಿಮ್ಮ ತಮ್ಮಂದಿರು, ಅವರಿಗೆ ಹೇಳಿಕೊಡುವವರು ನೀವು.

ಇನ್ನು ನನ್ನ ಕೆಲಸ.

ಹೋದ ವರ್ಷ ನಿಮ್ಮಲ್ಲಿ ಒಂದು ತಂಡದ ತಾತ ತೆರೆದ ಜೀಪಿನಲ್ಲಿ ಬಂದ. ಯಾವ ಊರು ಅಂತ ಹೇಳುವುದಿಲ್ಲ. ದೊಡ್ಡ ಸ್ಪೀಕರಿನಲ್ಲಿ ಜಿಂಗಲ್ ಬೆಲ್ಸ್. ಜೀಪು ನಿಲ್ಲಲಿಲ್ಲ, ನಮ್ಮ ಬೀದಿಯಲ್ಲಿ ಸ್ವಲ್ಪ ನಿಧಾನ ಮಾಡಿತು ಅಷ್ಟೇ. ತಾತ ಚೀಲಕ್ಕೆ ಕೈಹಾಕಿ ಹಿಡಿ ಹಿಡಿ ಚಾಕೊಲೇಟು ಬೀದಿಗೆ ತೂರಿದ. ಮಕ್ಕಳು ಚರಂಡಿಯ ಪಕ್ಕ ಬಗ್ಗಿ, ಒಬ್ಬರನ್ನೊಬ್ಬರು ತಳ್ಳಿ ಆಯ್ದುಕೊಂಡರು. ಚಾಕೊಲೇಟು ಒಳ್ಳೆಯದೇ, ನಮ್ಮ ಕಿತ್ತಳೆ ತೊಳೆಯ ಪೆಪ್ಪರ್‌ಮೆಂಟಿಗಿಂತ ಎಷ್ಟೋ ಮೇಲು. ಫೋನಿನಲ್ಲಿ ವಿಡಿಯೋನೂ ಚೆನ್ನಾಗಿ ಬಂದಿರಬಹುದು.

ನಮ್ಮಜ್ಜಿ ಇದ್ದಿದ್ದರೆ ಜೀಪಿಗೆ ಅಡ್ಡ ನಿಲ್ಲುತ್ತಿದ್ದರು. ಅವರ ಕಾಲದಲ್ಲಿ ಕೇರಿಯವರಿಗೆ ಹೋಟೆಲಿನ ಹೊರಗೆ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ಯುತ್ತಿದ್ದರು. ಬಾವಿ ಕಟ್ಟೆಯ ಕೆಳಗೆ ಬೊಗಸೆ ಒಡ್ಡಿದರೆ ಮೇಲಿಂದ ನೀರು ಬಿಡುತ್ತಿದ್ದರು. ಕೂಲಿಯ ಕಾಸನ್ನು ಕೈಗೆ ಕೊಡದೆ ನೆಲಕ್ಕೆ ಹಾಕುತ್ತಿದ್ದರು, ಆಯ್ದುಕೊಳ್ಳಬೇಕಿತ್ತು. ಕೈಗೆ ಕೈ ತಾಗಬಾರದು, ಅದಕ್ಕೆ. ಅಜ್ಜಿಯ ಅಪ್ಪ ಮಿಷನ್ನಿಗೆ ಸೇರಿದ್ದಕ್ಕೆ ನೂರು ಕಾರಣ ಹೇಳುವವರಿದ್ದಾರೆ. ಅಜ್ಜಿ ಹೇಳುತ್ತಿದ್ದ ಕಾರಣ ಇದೊಂದೇ. ಆದ್ದರಿಂದ ಪ್ರತಿವರ್ಷ ತಾತನಿಗೆ ಗಡ್ಡ ಕಟ್ಟಿ ಮುಗಿಸಿದ ಮೇಲೆ ಅಜ್ಜಿಯ ಅಪ್ಪಣೆ ಒಂದೇ: ಯಾವ ಮಗುವಿಗೇ ಆಗಲಿ, ಎಸೆಯಬೇಡ, ಕೈಯಲ್ಲಿಡು. ಸೈಕಲ್ ಶಾಪಿನ ಅಣ್ಣ ಮೊಣಕಾಲೂರಿ, ಹೊಟ್ಟೆಯ ದಿಂಬು ಜಾರಿದರೂ ಲೆಕ್ಕಿಸದೆ, ಒಂದೊಂದು ಅಂಗೈ ಬಿಡಿಸಿ ಒಂದೊಂದು ಪೆಪ್ಪರ್‌ಮೆಂಟು ಇಟ್ಟು ಮುಚ್ಚುತ್ತಿದ್ದ. ಹೊತ್ತು ಬೇಕಾಗುತ್ತಿತ್ತು, ನಿಜ. ರಾತ್ರಿ ಅಷ್ಟು ತಡವಾಗುತ್ತಿದ್ದುದು ಅದಕ್ಕೇ.

ನೀವು ಜಾಣರು, ಸಂತ ನಿಕೊಲಸನೂ ಎಸೆದವನೇ ತಾನೇ ಅನ್ನುತ್ತೀರಿ. ಕಥೆಯಲ್ಲಿ ಹಾಗೇ ಇದೆ. ಮೂರು ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕೂತಿದ್ದ ಬಡವನ ಮನೆಗೆ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದ. ಆದರೆ ಅವನು ಎಸೆದದ್ದು ಕೊಟ್ಟವರಾರು ಅಂತ ಆ ಮನೆಯವರಿಗೆ ತಿಳಿಯಬಾರದು, ಅವರು ತಲೆ ತಗ್ಗಿಸಬಾರದು ಅಂತ. ಜೀಪಿನ ಮೇಲಿಂದ ಎಸೆದದ್ದರಲ್ಲಿ ತಲೆ ತಗ್ಗಿಸಿದವರು ಮಕ್ಕಳೇ ಅಲ್ಲವೇ?

ಈ ಸಲ ನಡೆದು ಬನ್ನಿ. ಸ್ಪೀಕರು ಬೇಡವೇ ಬೇಡ ಅನ್ನುವುದಿಲ್ಲ, ಸಣ್ಣದು ಸಾಕು; ನಿಮ್ಮ ಗಂಟಲು ಚೆನ್ನಾಗಿಯೇ ಇದೆ. ಕಾಣಿಕೆ ಜಾಸ್ತಿ ಹಾಕುವ ಮನೆಗಳಿಗೇ ಮೊದಲು ಹೋಗಿ ಕೊನೆಯ ಬೀದಿಗೆ ಹೊತ್ತಾಯಿತು ಅನ್ನಬೇಡಿ. ಕೊನೆಯ ಬೀದಿಯಿಂದಲೇ ಶುರುಮಾಡಿ ನೋಡಿ. ಚಿಕ್ಕಬಳ್ಳಾಪುರದವರು ಆಸ್ಪತ್ರೆಗಳ ಮಕ್ಕಳ ವಾರ್ಡು ಬಿಡಬೇಡಿ, ಒಳಗೆ ತಮಟೆ ಮಾತ್ರ ಬೇಡ. ಚಿಂತಾಮಣಿಯವರು ಬಸ್ ಸ್ಟಾಂಡಿನ ಹಿಂದಿನ ಸಾಲನ್ನು ಮರೆಯಬೇಡಿ. ಗೌರಿಬಿದನೂರಿನವರು ಎರಡು ಜೋಳದ ಗಾಡಿ ಮಾಡಿಕೊಂಡು ಬಂದರೆ ನನ್ನ ಮೊಮ್ಮಗನಿಗೆ ಬೇಕು, ದುಡ್ಡು ಕೊಡುತ್ತೇನೆ. ಗೊತ್ತಿರುವ ಮಕ್ಕಳನ್ನು ಹೆಸರಿಟ್ಟು ಕರೆಯಿರಿ. ಗೊತ್ತಿಲ್ಲದಿದ್ದರೆ ಹೆಸರು ಕೇಳಿ.

ನಾನೀಗ ಶಿಡ್ಲಘಟ್ಟದಲ್ಲೇ ಇರುವುದು. ನಮ್ಮ ಬೀದಿಯ ಸರದಿ ಯಾವ ರಾತ್ರಿ ಅನ್ನುವುದನ್ನು, ಒಟ್ಟು ಎಷ್ಟು ಜನ ಬರುತ್ತೀರಿ ಅನ್ನುವುದನ್ನು ಒಂದು ದಿನ ಮುಂಚೆ ಹೇಳಿಕಳಿಸಿ. ಬೇಳೆ ಹಿತುಕಬೇಕು, ಮುದ್ದೆಗೆ ಹಿಟ್ಟಿನ ಲೆಕ್ಕ ಹಾಕಬೇಕು. ಹಾಡುವುದಕ್ಕೆ ಮುಂಚೆಯೇ ಉಣ್ಣುವವರು ಎಷ್ಟು, ಆಮೇಲೆ ಉಣ್ಣುವವರು ಎಷ್ಟು, ಅದನ್ನೂ ತಿಳಿಸಿದರೆ ಒಳ್ಳೆಯದು.

ಇತಿ,
ನಿಮ್ಮ ಅಕ್ಕ